ಮುಳ್ಳಯ್ಯನಗಿರಿ ಕಡೆ ಬಂಡೆಯಲ್ಲಿ ಶಾಹೀನ್ ಡೇಗೆ ಅನ್ನುವ ಬೇಟೆ ಹಕ್ಕಿಯ ಜೋಡಿ ಗೂಡು ಮಾಡಿದೆ. ಹತ್ತಿರ ಹೋಗಿ ನೋಡಬಹುದಾ?

ಬೇಡ. ದೂರದ ರಸ್ತೆಯಿಂದಲೇ ಬೈನಾಕ್ಯುಲರ್‌ನಲ್ಲಿ ನೋಡಿ, ಸಾಕು. ಹಕ್ಕಿ ಕ್ಯಾಕ್ ಕ್ಯಾಕ್ ಅಂತ ಬಿಡದೆ ಕೂಗುತ್ತಾ ತಲೆ ಮೇಲೆ ಸುತ್ತಿದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಇದು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬಂಡೆಯ ಚಾಚಿನಲ್ಲಿ ಮಣ್ಣು ಕೆರೆದು, ಆ ತಗ್ಗಿನಲ್ಲೇ 3-4 ಮೊಟ್ಟೆ ಇಡುತ್ತದೆ. ಕಂದು ಚುಕ್ಕೆಯ ಮೊಟ್ಟೆಗಳು. ತಾಯಿ ಗಾಬರಿಯಾಗಿ ಎದ್ದರೆ ಅವಕ್ಕೆ ನೇರ ಬಿಸಿಲು, ಗಾಳಿ. ಕಾವಿಗೆ ಸುಮಾರು ಒಂದು ತಿಂಗಳು, ಮರಿ ಹಾರಲು ಮತ್ತೆ ಆರು ವಾರ. ಅಷ್ಟು ದಿನ ಡ್ರೋನ್ ಅಂತೂ ಬೇಡವೇ ಬೇಡ.

ಫೋಟೊ ಹಾಕಿದರೂ ಜಾಗ ಹೇಳಬೇಡಿ. ಶನಿವಾರ, ಭಾನುವಾರ ಗಿರಿಯಲ್ಲಿ ಸೇರುವ ಜನಜಾತ್ರೆ ಗೊತ್ತಲ್ವಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವ ಹಕ್ಕಿ ಇದು. ಯಾರಾದರೂ ಬಂಡೆ ಹತ್ತಲು ಹೊರಟರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.