ಕಿರೀಟ ತೊಟ್ಟವನಿಗಿಂತ ತೊಡಿಸಿದವನಿಗೇ ಗರಜು ಜಾಸ್ತಿ

ಪ್ರಶ್ನೆ: ಕ್ರಿ.ಶ. 800ರಲ್ಲಿ ಪೋಪ್ 3ನೇ ಲಿಯೋ ಫ್ರಾಂಕ್ ದೊರೆ ಶಾರ್ಲ್‌ಮೇನ್‌ಗೆ ಚಕ್ರವರ್ತಿಯ ಕಿರೀಟ ತೊಡಿಸಿದ್ದು ಯಾಕೆ? ‘ಕ್ರೈಸ್ತ ಧರ್ಮಕ್ಕೆ ಮಾಡಿದ ಸೇವೆಯನ್ನು ಮೆಚ್ಚಿ’ ಎಂದು ಗೈಡ್‌ನಲ್ಲಿದೆ. ಸರಿಯೇ?

ಉತ್ತರ: ಪರೀಕ್ಷೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬರುತ್ತದೆ. ಜೊತೆಗೆ ಅದೇ ಗೈಡ್, ಅದೇ ವಾಕ್ಯ. ‘ಮೆಚ್ಚಿ’ ಅಂತೆ! ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಮಾಡಿದ ಸನ್ಮಾನವೇ ಅದು? ಉತ್ತರ ಪತ್ರಿಕೆ ತಿದ್ದುತ್ತಿದ್ದ ಕಾಲದಲ್ಲಿ ಈ ಸಾಲು ಕಂಡಾಗಲೆಲ್ಲ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಕಾಫಿ ಕುಡಿದು ಬರುತ್ತಿದ್ದೆ.

ಪೋಪ್ ಅಂದರೆ ರೋಮ್‌ನಲ್ಲಿದ್ದ ಕ್ರೈಸ್ತ ಧರ್ಮಗುರು, ಫ್ರಾಂಕರು ಅಂದರೆ ಈಗಿನ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಜನ. ಹೆಚ್ಚಿನದಕ್ಕೆ ನಿಮ್ಮ ಪಠ್ಯಪುಸ್ತಕ ಸಾಕು. ನೀವು ನೇರವಾಗಿ 799ರ ಏಪ್ರಿಲ್ 25ಕ್ಕೆ ಬನ್ನಿ. ಅವತ್ತು ರೋಮ್‌ನಲ್ಲಿ ಧಾರ್ಮಿಕ ಮೆರವಣಿಗೆ. ದಾರಿಯಲ್ಲಿ ಒಂದು ಗುಂಪು ಲಿಯೋನ ಮೇಲೆ ಬಿತ್ತು. ಕಣ್ಣು ಕೀಳಲು, ನಾಲಿಗೆ ಕತ್ತರಿಸಲು ನೋಡಿತು. ಇವರೇನು ದಾರಿಹೋಕ ಕಳ್ಳರಲ್ಲ. ಮುಂದಾಳುಗಳಾದ ಪಾಸ್ಕಲಿಸ್ ಮತ್ತು ಕಂಪುಲಸ್ ಇಬ್ಬರೂ ಪೋಪ್‌ನ ಆಡಳಿತದಲ್ಲೇ ಇದ್ದ ದೊಡ್ಡ ಅಧಿಕಾರಿಗಳು. ಪಾಸ್ಕಲಿಸ್ ಹಿಂದಿನ ಪೋಪ್ 1ನೇ ಹೇಡ್ರಿಯನ್‌ನ ಸಂಬಂಧಿ, ದೊಡ್ಡ ಮನೆತನದವನು. ಲಿಯೋ ಅಂಥ ಮನೆತನದಿಂದ ಬಂದವನಲ್ಲ. ಅವನ ಮೇಲೆ ವ್ಯಭಿಚಾರದ ಆರೋಪ, ಸುಳ್ಳು ಆಣೆಯ ಆರೋಪ ಬೇರೆ ಹೊರಿಸಿದ್ದರು.

ಲಿಯೋ ಹೇಗೋ ತಪ್ಪಿಸಿಕೊಂಡ. ಆಲ್ಪ್ಸ್ ದಾಟಿ, ಈಗಿನ ಜರ್ಮನಿಯಲ್ಲಿರುವ ಪಾಡೆರ್‌ಬಾರ್ನ್‌ಗೆ ಹೋಗಿ ಶಾರ್ಲ್‌ಮೇನ್‌ನ ಮುಂದೆ ನಿಂತ. ಇನ್ನೆಲ್ಲಿಗೆ ಹೋಗುತ್ತಿದ್ದ? ಹೆಸರಿಗೆ ರೋಮನ್ ಚಕ್ರವರ್ತಿ ಇದ್ದದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್‌ನಲ್ಲಿ. ಆ ಸಂಬಂಧ ಹಳಸಿ ಎಷ್ಟೋ ಕಾಲವಾಗಿತ್ತು. ವಿಗ್ರಹಗಳನ್ನು ಪೂಜಿಸಬೇಕೋ ಬೇಡವೋ ಎಂದು ಜಗಳ ನಡೆದಿತ್ತು. 751ರಲ್ಲಿ ಉತ್ತರ ಇಟಲಿಯನ್ನು ಆಳುತ್ತಿದ್ದ ಲೊಂಬಾರ್ಡರು, ಇಟಲಿಯಲ್ಲಿ ಆ ಚಕ್ರವರ್ತಿಯ ಆಡಳಿತ ಕೇಂದ್ರವಾಗಿದ್ದ ರವೆನ್ನಾ ನಗರವನ್ನು ಹಿಡಿದಾಗಲೂ ಅಲ್ಲಿಂದ ಕಾಪಾಡಲು ಸೈನ್ಯ ಬರಲಿಲ್ಲ. ಆಗ ಪೋಪ್ 2ನೇ ಸ್ಟೀಫನ್ ತಾನೇ ಫ್ರಾಂಕರ ನಾಡಿಗೆ ಹೋಗಿದ್ದ. 754ರಲ್ಲಿ ಸೇಂಟ್ ಡೆನಿಯಲ್ಲಿ ಶಾರ್ಲ್‌ಮೇನ್‌ನ ಅಪ್ಪ ಪೆಪಿನ್‌ಗೆ ಅಭಿಷೇಕ ಮಾಡಿ, ಕೈಬಿಡಬೇಡ ಎಂದು ಕೇಳಿಕೊಂಡಿದ್ದ. 774ರಲ್ಲಿ ಮಗ ಲೊಂಬಾರ್ಡರ ರಾಜ್ಯವನ್ನೇ ನುಂಗಿ ಹಾಕಿದ. ಹಾಗಾಗಿ ಲಿಯೋ ತಟ್ಟಿದ್ದು ಗೊತ್ತಿದ್ದ ಮನೆಯ ಬಾಗಿಲನ್ನೇ.

800ರ ನವೆಂಬರ್‌ನಲ್ಲಿ ಶಾರ್ಲ್‌ಮೇನ್ ಪಂಚಾಯ್ತಿಗೆ ರೋಮ್‌ಗೆ ಬಂದ. ಇಲ್ಲೊಂದು ತೊಡಕು. ಪೋಪ್‌ನ ವಿಚಾರಣೆ ಮಾಡುವ ಹಕ್ಕು ಭೂಮಿಯ ಮೇಲೆ ಯಾರಿಗೂ ಇಲ್ಲ ಎಂಬ ಮಾತು ಆಗಲೇ ಬೇರೂರಿತ್ತು. ಕೊನೆಗೆ ಡಿಸೆಂಬರ್ 23ರಂದು ಲಿಯೋ ‘ನಾನು ತಪ್ಪು ಮಾಡಿಲ್ಲ’ ಎಂದು ತಾನೇ ಆಣೆ ಮಾಡಿ ಆರೋಪಗಳಿಂದ ಹೊರಬಂದ. ಎರಡೇ ದಿನಕ್ಕೆ ಕ್ರಿಸ್‌ಮಸ್. ಸೇಂಟ್ ಪೀಟರ್ಸ್‌ನಲ್ಲಿ ಪ್ರಾರ್ಥನೆ ಮುಗಿಸಿ ಎದ್ದ ಶಾರ್ಲ್‌ಮೇನ್‌ನ ತಲೆಯ ಮೇಲೆ ಕಿರೀಟ ಬಂತು. ನೆರೆದ ಜನ ಚಕ್ರವರ್ತಿಗೆ ಜಯಘೋಷ ಹಾಕಿದರು.

ಗೈಡ್‌ಗಳು ಇಲ್ಲಿಗೆ ನಿಲ್ಲಿಸುತ್ತವೆ. ನೀವು ಮುಂದೆ ಓದಿ. ಕೆಲವೇ ದಿನಗಳಲ್ಲಿ ಆ ದಾಳಿಕೋರರ ವಿಚಾರಣೆ ನಡೆಯಿತು. ರೋಮನ್ ಕಾನೂನಿನ ಪ್ರಕಾರ, ರಾಜದ್ರೋಹಕ್ಕೆ ಮರಣದಂಡನೆ. ರೋಮ್‌ನಲ್ಲಿ, ರೋಮ್‌ನವರಿಗೆ, ಇಂಥ ತೀರ್ಪು ಕೊಡಲು ಯಾರೂ ಪ್ರಶ್ನೆ ಮಾಡಲಾಗದ ಅಧಿಕಾರ ಇದ್ದದ್ದು ಒಬ್ಬನಿಗೇ, ಚಕ್ರವರ್ತಿಗೆ. ಅಂಥವನೊಬ್ಬ ಲಿಯೋಗೆ ಬೇಕಾಗಿದ್ದ. ಆಮೇಲೆ ‘ಜೀವ ತೆಗೆಯಬೇಡಿ’ ಎಂದು ಕೇಳಿ ಅವರನ್ನು ಗಡೀಪಾರು ಮಾಡಿಸಿದವನೂ ಲಿಯೋನೇ. ಶತ್ರುಗಳೂ ತೊಲಗಿದರು, ಕರುಣಾಮಯಿ ಎಂಬ ಹೆಸರೂ ಬಂತು.

‘ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಂಗಸು ಆಳುತ್ತಿದ್ದಳು, ಅದಕ್ಕೇ’ ಎಂದು ಕೆಲವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಐರೀನ್ 797ರಲ್ಲಿ ಸ್ವಂತ ಮಗನ ಕಣ್ಣು ಕೀಳಿಸಿ ಪಟ್ಟಕ್ಕೆ ಬಂದಿದ್ದು ನಿಜ. ಹೆಂಗಸು ಕೂತಿದ್ದಾಳೆ, ಆದ್ದರಿಂದ ಸಿಂಹಾಸನ ಖಾಲಿ ಎಂದು ಫ್ರಾಂಕರ ಕಡೆಯವರು ಬರೆದಿದ್ದೂ ನಿಜ. ಗಂಡಸರ ತರ್ಕ! ಆದರೆ ಅದು ಸಿಕ್ಕ ನೆಪ. ಲಿಯೋ ಜೀವ ಉಳಿಸಿಕೊಳ್ಳಲು ಓಡಿದ್ದು ಐರೀನ್‌ಳಿಂದಾಗಿ ಅಲ್ಲ, ತನ್ನದೇ ಕಚೇರಿಯವರಿಂದಾಗಿ.

ಶಾರ್ಲ್‌ಮೇನ್‌ಗೆ ಮೊದಲೇ ಗೊತ್ತಿತ್ತೇ? ‘ಪೋಪ್‌ನ ಉದ್ದೇಶ ಗೊತ್ತಿದ್ದರೆ, ಎಷ್ಟೇ ದೊಡ್ಡ ಹಬ್ಬವಾಗಿದ್ದರೂ ಅವತ್ತು ಚರ್ಚಿಗೆ ಕಾಲಿಡುತ್ತಿರಲಿಲ್ಲ’ ಎಂದು ದೊರೆ ಹೇಳಿದ್ದನಂತೆ. ಅವನ ಜೀವನ ಚರಿತ್ರೆ ಬರೆದ ಐನ್‌ಹಾರ್ಡ್‌ನ ಮಾತು ಇದು. ನಾನಂತೂ ನಂಬುವುದಿಲ್ಲ. ಒಂದು ತಿಂಗಳಿಂದ ಊರಲ್ಲೇ ಇದ್ದಾನೆ, ಜನರಿಗೆ ಜಯಘೋಷ ಬಾಯಿಪಾಠ ಆಗಿದೆ, ಇವನಿಗೆ ಮಾತ್ರ ಗೊತ್ತಿಲ್ಲ! ಸರ್‌ಪ್ರೈಸ್ ಬರ್ತ್‌ಡೇನಾ ಅದು? ಕಿರೀಟ ಬಂದದ್ದು ಯಾರ ಕೈಯಿಂದ ಎಂಬುದು ಅವನಿಗೆ ಇರುಸುಮುರುಸಾಗಿದ್ದರೆ ಒಪ್ಪಬಹುದು. ಕಿರೀಟ ಇಟ್ಟ ಮೇಲೆ ಪೋಪ್ ಅವನಿಗೆ ಅಡ್ಡಬಿದ್ದ ಎಂದು ಫ್ರಾಂಕರ ವರ್ಷಾವಳಿ, ಅಂದರೆ ವರ್ಷ ವರ್ಷದ ಘಟನೆಗಳ ದಾಖಲೆ, ಬರೆಯುತ್ತದೆ. ಪೋಪ್‌ನ ಕಡೆಯವರ ದಾಖಲೆಯಲ್ಲಿ ಆ ಸುದ್ದಿಯೇ ಇಲ್ಲ. ಒಂದೇ ಮದುವೆಯ ಕಥೆಯನ್ನು ಬೀಗರಿಬ್ಬರೂ ಹೇಳಿದ ಹಾಗೆ. 813ರಲ್ಲಿ ಮಗ ಲೂಯಿಗೆ ಕಿರೀಟ ಕೊಡಿಸುವಾಗ ಶಾರ್ಲ್‌ಮೇನ್ ಪೋಪ್‌ನನ್ನು ಕರೆಯಲೇ ಇಲ್ಲ. ತನ್ನ ಅರಮನೆಯಿದ್ದ ಆಖೆನ್‌ನಲ್ಲೇ ಶಾಸ್ತ್ರ ಮುಗಿಸಿದ. ಪೋಪ್‌ಗಳು ಬಿಡಬೇಕಲ್ಲ! 816ರಲ್ಲಿ ಪೋಪ್ 4ನೇ ಸ್ಟೀಫನ್ ಈಗಿನ ಫ್ರಾನ್ಸ್‌ನಲ್ಲಿರುವ ರೀಮ್ಸ್‌ವರೆಗೆ ಬಂದು ಅದೇ ಲೂಯಿಗೆ ಮತ್ತೊಮ್ಮೆ ಕಿರೀಟ ಇಟ್ಟು ಹೋದ.

ಪ್ರಶ್ನೆ: ಹಿಂದಿನ ರೋಮನ್ ಚಕ್ರವರ್ತಿ ಕಾನ್‌ಸ್ಟಾಂಟೈನ್ ಪಶ್ಚಿಮದ ರಾಜ್ಯವನ್ನೆಲ್ಲ ಪೋಪ್‌ಗೆ ದಾನ ಮಾಡಿದ್ದ ಪತ್ರ ಇದೆಯಲ್ಲ?

ಉತ್ತರ: ಖೊಟ್ಟಿ ಪತ್ರ. 1440ರಲ್ಲೇ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಹಿಡಿದು ಬಣ್ಣ ಬಯಲು ಮಾಡಿದ್ದಾನೆ.

ಪ್ರಶ್ನೆ: ‘ಪವಿತ್ರ ರೋಮನ್ ಸಾಮ್ರಾಜ್ಯ’ ಶುರುವಾಗಿದ್ದು ಅವತ್ತೇ ಅಲ್ವಾ?

ಉತ್ತರ: ಆ ಹೆಸರನ್ನು ಶಾರ್ಲ್‌ಮೇನ್ ಕೇಳಿಯೇ ಇರಲಿಲ್ಲ. ‘ಪವಿತ್ರ’ ಸೇರಿಕೊಂಡಿದ್ದು 12ನೇ ಶತಮಾನದಲ್ಲಿ.

ಪ್ರಶ್ನೆ: 614ರಿಂದ 911ರವರೆಗಿನ ಕಾಲವೇ ಸುಳ್ಳು, ಶಾರ್ಲ್‌ಮೇನ್ ಕಟ್ಟುಕಥೆ ಎಂದು ಒಂದು ವಿಡಿಯೊ ನೋಡಿದೆ.

ಉತ್ತರ: ಹಾಗಾದರೆ 634ರ ಐಹೊಳೆ ಶಾಸನವನ್ನು ಕೆತ್ತಿದವರು ಯಾರು? ಇಮ್ಮಡಿ ಪುಲಕೇಶಿಯ ಆಳ್ವಿಕೆಯ ಬಹುಪಾಲು, ಅಮೋಘವರ್ಷನ ಇಡೀ ಆಳ್ವಿಕೆ, ಎಲ್ಲ ಸುಳ್ಳಾಗಬೇಕು. ರೋಮ್‌ನಲ್ಲಿ ಆ ಕಿರೀಟ ಏರಿದ ದಿನ ನಮ್ಮಲ್ಲಿ ರಾಷ್ಟ್ರಕೂಟರ ಮುಮ್ಮಡಿ ಗೋವಿಂದ ಆಳುತ್ತಿದ್ದ. ವಿಡಿಯೊ ಮಾಡಿದವರಿಗೆ ತಾಮ್ರಪಟ ಅಂದರೇನೆಂದು ಕೇಳಿ ನೋಡಿ.

ಪ್ರಶ್ನೆ: ಬಾಗ್ದಾದ್‌ನ ಖಲೀಫ ಶಾರ್ಲ್‌ಮೇನ್‌ಗೆ ಆನೆ ಕಳಿಸಿದ್ದು ನಿಜವೇ?

ಉತ್ತರ: ನಿಜ. ಕಳಿಸಿದವನು ಹರೂನ್ ಅಲ್ ರಶೀದ್, ಆನೆಯ ಹೆಸರು ಅಬುಲ್ ಅಬ್ಬಾಸ್, ಆಖೆನ್ ಮುಟ್ಟಿದ್ದು 802ರಲ್ಲಿ. ಕಿರೀಟಕ್ಕೂ ಅದಕ್ಕೂ ಸಂಬಂಧವಿಲ್ಲ.