ಶೆಡ್ಡಿಗೆ ಎಂಟು ಎಲ್‌ಇಡಿ ಪಟ್ಟಿ ಒಂದಕ್ಕೊಂದು ಸಿಕ್ಕಿಸಿ ಹಾಕಬಹುದಾ?

ನೀವು ಕೇಳಿರೋದು ಇಷ್ಟು: 12 ಅಡಿ ಅಗಲ 20 ಅಡಿ ಉದ್ದದ ಸಿಮೆಂಟ್ ಶೀಟಿನ ಶೆಡ್ಡು, ಒಂದು ಕಡೆ ಬೈಕು ನಿಲ್ಲುತ್ತೆ, ಇನ್ನೊಂದು ಕಡೆ ಗೋಡೆಗೆ ಒತ್ತಿ ಮರಗೆಲಸದ ಬೆಂಚು, ಮೂಲೇಲಿ ಮರ ತಿರುಗಿಸಿ ಕಡೆಯೋ ಒಂದು ಸಣ್ಣ ಲೇತು, ಈಗಿರೋದು ಮೂರು ಹಳೇ ಚೋಕಿನ ಟ್ಯೂಬ್‌ಲೈಟು, ಅದನ್ನ ತೆಗೆದು ಒಂದರ ತುದಿಗೆ ಇನ್ನೊಂದು ಸಿಕ್ಕಿಸೋ ಟಿ5 (ತೆಳು ಟ್ಯೂಬಿನಂಥ) ಎಲ್‌ಇಡಿ ಪಟ್ಟಿ ಎಂಟು ತಂದು ಒಂದೇ ಪ್ಲಗ್ಗಿನಿಂದ ಉರಿಸಬಹುದಾ, ಎಂಟು ಸಾಕಾಗುತ್ತಾ, ವೈರು ಬಿಸಿಯಾಗಿ ಬೆಂಕಿಗಿಂಕಿ ಹತ್ತಲ್ವಾ ಅಂತ.

ನಂದು ಹರಿಹರದಲ್ಲಿ ಒಂದು ಸಣ್ಣ ವರ್ಕ್‌ಶಾಪು. ಒಂದು ಹಳೇ ಲೇತು, ಪಿಲ್ಲರ್ ಡ್ರಿಲ್ಲು, ಗ್ರೈಂಡರು, ಪಕ್ಕದಲ್ಲಿ ಮರದ ಲೇತೂ ಇದೆ. ಮೈಸೂರು ಕಿರ್ಲೋಸ್ಕರ್ ಲೇತುಗಳನ್ನ ಮಾಡ್ತಿದ್ದ ಊರು ಇದು, ಹಾಗಾಗಿ ಇಲ್ಲಿ ಮನೆಮನೇಲೂ ಒಬ್ಬ ಟರ್ನರೋ ಫಿಟ್ಟರೋ ಇದ್ದೇ ಇರ್ತಿದ್ರು, ಬೆಳಕಿನ ವಿಷಯ ನಾನು ಕಲಿತಿದ್ದು ಅಂಥವರ ಹತ್ರಾನೇ. ಐದಾರು ವರ್ಷದ ಹಿಂದೆ ನಿಮ್ಮ ಥರಾನೇ ಎಲ್ಲಾ ಕಿತ್ತು ಎಲ್‌ಇಡಿ ಹಾಕಿಸ್ದೆ, ಒಂದೆರಡು ತಪ್ಪಾದ್ವು, ಅದನ್ನೂ ಹೇಳ್ತೀನಿ.

ಎಂಟು ಸಾಕು. ಲೆಕ್ಕ ಹೀಗೆ: ನಿಮ್ಮ ಶೆಡ್ಡು 240 ಚದರಡಿ, ಅಂದ್ರೆ ಸುಮಾರು 22 ಚದರ ಮೀಟರು. ಬೆಂಚಿನ ಮೇಲೆ ಗೆರೆ ಹಾಕೋಕೆ, ಅಳತೆ ಓದೋಕೆ 300ರಿಂದ 500 ಲಕ್ಸ್ (ಒಂದು ಚದರ ಮೀಟರ್ ಜಾಗದ ಮೇಲೆ ಬೀಳೋ ಬೆಳಕಿನ ಅಳತೆ) ಬೇಕು, ನಡುವೆ 400 ಅಂತ ಇಟ್ಕೊಳ್ಳಿ. 22ನ್ನ 400ರಿಂದ ಗುಣಿಸಿದ್ರೆ 8,800 ಲ್ಯೂಮೆನ್ (ಲ್ಯೂಮೆನ್ ಅಂದ್ರೆ ಒಟ್ಟು ಬೆಳಕಿನ ಅಳತೆ). ಆದ್ರೆ ಪಟ್ಟಿಯಿಂದ ಹೊರಟ ಬೆಳಕೆಲ್ಲ ಬೆಂಚಿಗೆ ಬರಲ್ಲ, ಗೋಡೆ ನುಂಗುತ್ತೆ, ಶೀಟು ನುಂಗುತ್ತೆ, ಆರು ತಿಂಗಳಿಗೆ ಮರದ ಧೂಳು ಕೂತ್ಕೊಂಡು ಇನ್ನಷ್ಟು ಹೋಗುತ್ತೆ, ಅದಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಕೈಗೆ ಸಿಗುತ್ತೆ ಅಂತ ಹಿಡೀಬೇಕು, ಹಂಗೆ ಹಿಡಿದ್ರೆ 16,000 ಲ್ಯೂಮೆನ್ ಆಯ್ತು. 4 ಅಡಿಯ 20 ವ್ಯಾಟಿನ ಪಟ್ಟಿ ಒಂದು 2,000 ಲ್ಯೂಮೆನ್ ಕೊಡುತ್ತೆ. ಎಂಟಕ್ಕೆ ಸರಿಯಾಗಿ ಬಂತು. ಡಬ್ಬಿ ಮೇಲೆ ವ್ಯಾಟ್ ನೋಡ್ಬೇಡಿ, ಲ್ಯೂಮೆನ್ ನೋಡಿ, ಲ್ಯೂಮೆನ್ನೇ ಬರೆಯದೆ ಬರೀ ವ್ಯಾಟ್ ಹಾಕಿರೋದನ್ನ ತಗೋಬೇಡಿ. ಒಂದು ಸಲ ಗೋಡೆಗೆ ಬಿಳಿ ಸುಣ್ಣ ಹೊಡೆಸಿದ್ರೆ ಒಂದು ಪಟ್ಟಿ ಹೆಚ್ಚಿಗೆ ಹಾಕಿದಷ್ಟು ಬೆಳಕು ಪುಕ್ಕಟೆ ಬಂದಂಗೆ.

ಕರೆಂಟ್ ಬಿಲ್ಲಿನ ಆಸೆ ಜಾಸ್ತಿ ಇಟ್ಕೋಬೇಡಿ ಮತ್ತೆ. ಮೂರು ಹಳೇ ಟ್ಯೂಬು ಚೋಕಿನ ಸಮೇತ ಸುಮಾರು 150 ವ್ಯಾಟ್ ತಿಂತಿದ್ವು, ಎಂಟು ಎಲ್‌ಇಡಿ 160 ತಿನ್ನುತ್ತೆ, ಬಿಲ್ಲು ಅಷ್ಟೇ ಬರುತ್ತೆ. ಅದೇ ದುಡ್ಡಿಗೆ ಕಣ್ಣಿಗೆ ಮೊದಲಿನ ಎರಡರಷ್ಟಕ್ಕಿಂತ ಜಾಸ್ತಿ ಬೆಳಕು ಸಿಗುತ್ತಲ್ಲ, ಅದೇ ಲಾಭ.

ಈಗ ಒಂದರ ತುದಿಗೆ ಒಂದು ಸಿಕ್ಕಿಸೋ ವಿಷಯ. ಸೀರಿಯಲ್ ಸೆಟ್ ಥರ ಕಂಡ್ರೂ ಒಳಗೆ ಎಲ್ಲಾನೂ ಪ್ಯಾರಲಲ್ಲೇ ಇರೋದು, ಪ್ರತಿ ಪಟ್ಟಿಗೂ ಪೂರ್ತಿ 230 ವೋಲ್ಟೇ ಹೋಗುತ್ತೆ, ಒಂದು ಕೆಟ್ರೆ ಮಿಕ್ಕಿದ್ದು ಸಾಮಾನ್ಯವಾಗಿ ಉರೀತಾನೇ ಇರುತ್ತೆ. ಆದ್ರೆ ಕೊನೆ ಪಟ್ಟಿಗೆ ಹೋಗೋ ಕರೆಂಟೂ ಮೊದಲನೇ ಪಟ್ಟಿ ಒಳಗಿಂದಾನೇ ಹಾದು ಹೋಗ್ಬೇಕು, ಎಂಟರ ಭಾರ ಎಲ್ಲಾ ಪ್ಲಗ್ಗಿನಿಂದ ಬರೋ ಮೊದಲನೇ ವೈರಿನ ಮೇಲೆ. 160 ವ್ಯಾಟನ್ನ 230ರಿಂದ ಭಾಗಿಸಿದ್ರೆ 0.7 ಆಂಪಿಯರು, ಕಡಿಮೆ ದರದ ಪಟ್ಟಿಗಳಲ್ಲಿ ಪವರ್ ಫ್ಯಾಕ್ಟರ್ 0.5ರ ಹತ್ರ ಇರುತ್ತೆ, ಅಂದ್ರೆ ಅಷ್ಟೇ ವ್ಯಾಟಿಗೆ ಎರಡರಷ್ಟು ಕರೆಂಟ್ ಎಳೆಯುತ್ತೆ, ಅಂಥದ್ದಾದ್ರೆ 1.4 ಆಂಪಿಯರು. ಇಷ್ಟಕ್ಕೆ ವೈರು ಸುಡಲ್ಲ. ಸುಡೋದು ಜಾಯಿಂಟು.

ನನ್ನಲ್ಲಿ ಆಗಿದ್ದು ಅದೇ. ಹಾಕಿಸಿದ ಎರಡನೇ ಬೇಸಿಗೇಲಿ ಒಂದಿನ ಮಧ್ಯಾಹ್ನ ಬೇಕಲೈಟು ಸುಟ್ಟ ವಾಸನೆ ಬರ್ತಿತ್ತು, ಗ್ರೈಂಡರ್ ಮೋಟರೇ ಹೋಯ್ತೇನೋ ಅಂತ ಮುಟ್ಟಿ ನೋಡಿದ್ರೆ ತಣ್ಣಗಿದೆ, ಎಲ್ಲಿಂದ ಎಲ್ಲಿಂದ ಅಂತ ಮೂಗು ಹಿಡ್ಕೊಂಡು ಹೋಗಿ ಏಣಿ ಹತ್ತಿದ್ರೆ ಮೊದಲನೇ ಪಟ್ಟಿಗೂ ಎರಡನೇ ಪಟ್ಟಿಗೂ ನಡುವಿನ ಕನೆಕ್ಟರು ಕಾಫಿ ಬಣ್ಣಕ್ಕೆ ತಿರುಗಿತ್ತು. ಕೀಳೋಕೆ ಹೋದ್ರೆ ಒಂದು ಪಿನ್ನು ಪ್ಲಾಸ್ಟಿಕ್ಕಿಗೆ ಅಂಟ್ಕೊಂಡು ಕೈಗೇ ಬಂತು. ಆ ಸಾಲಲ್ಲಿ ಹದಿನಾಲ್ಕು ಪಟ್ಟಿ ಇದ್ವು, ಡಬ್ಬಿ ಮೇಲೆ ಹತ್ತಕ್ಕಿಂತ ಜಾಸ್ತಿ ಸಿಕ್ಕಿಸ್ಬೇಡಿ ಅಂತ ಬರೆದಿದ್ದನ್ನ ನಾನು ಓದೇ ಇರ್ಲಿಲ್ಲ. ಅದರ ಮೇಲೆ, ಪಟ್ಟಿಯ ಭಾರ ಕನೆಕ್ಟರ್ ಮೇಲೇ ಜೋತು ಬಿದ್ದಿತ್ತು, ಲೇತ್ ಓಡೋವಾಗ ಸಣ್ಣಗೆ ಅದುರಿ ಅದುರಿ ಪಿನ್ನು ಸಡಿಲ ಆಗಿತ್ತು. ಸಡಿಲ ಪಿನ್ನು ಬಿಸಿಯಾಗುತ್ತೆ, ಬಿಸಿಯಾದ್ರೆ ಇನ್ನೂ ಸಡಿಲ ಆಗುತ್ತೆ, ನಿಲ್ಲೋದೇ ಇಲ್ಲ ಅದು. ನಿಮ್ಮಲ್ಲಿ ಪಕ್ಕದಲ್ಲೇ ಮರದ ಹೊಟ್ಟು ಇರುತ್ತೆ, ಹಾಗಾಗಿ ಇದನ್ನ ಹಗುರವಾಗಿ ತಗೋಬೇಡಿ.

ಅದಕ್ಕೆ ನಾನು ಹೇಳೋದು ಎಂಟನ್ನೂ ಒಂದೇ ಸಾಲಿಗೆ ಹಾಕ್ಬೇಡಿ, ಹೆಂಗೂ ನಾಲ್ಕಡಿ ಎಂಟು ಅಂದ್ರೆ 32 ಅಡಿ, ನಿಮ್ಮ 20 ಅಡಿಗೆ ಹಿಡಿಯೋದೂ ಇಲ್ಲ. ನಾಲ್ಕು ನಾಲ್ಕರ ಎರಡು ಸಾಲು ಮಾಡಿ, ಒಂದೊಂದು ಸಾಲು 16 ಅಡಿ, ಎರಡಕ್ಕೂ ಬೇರೆ ಬೇರೆ ಸ್ವಿಚ್ಚು. ಬೈಕ್ ತೆಗೆಯೋಕೆ ಬಂದಾಗ ಒಂದು ಸಾಲು ಸಾಕು, ಕೆಲಸಕ್ಕೆ ನಿಂತಾಗ ಎರಡೂ. ಪ್ರತಿ ಪಟ್ಟಿಗೂ ಅದರದೇ ಎರಡು ಕ್ಲಿಪ್ಪು, ಕನೆಕ್ಟರ್ ಮೇಲೆ ಒಂದು ಗ್ರಾಂ ಭಾರವೂ ಬೀಳಬಾರದು. ವರ್ಷಕ್ಕೊಂದು ಸಲ, ಯುಗಾದಿಗೆ ಶೆಡ್ಡು ಗುಡಿಸೋವಾಗಲೋ ಆಯುಧಪೂಜೆಗೆ ಮಷಿನ್ ಒರೆಸೋವಾಗಲೋ, ಮೊದಲು ಒಂದು ಗಂಟೆ ಲೈಟ್ ಉರಿಯೋಕೆ ಬಿಟ್ಟು ಆಮೇಲೆ ಮೇನ್ ಆಫ್ ಮಾಡಿ ಪ್ರತಿ ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ ನೋಡಿ, ಯಾವುದು ಉಳಿದಿದ್ದಕ್ಕಿಂತ ಬೆಚ್ಚಗಿದೆಯೋ ಅದನ್ನ ಆವತ್ತೇ ಬದಲಾಯಿಸಿ.

ಕನೆಕ್ಟರಲ್ಲಿ ಎರಡು ಪಿನ್ನಿದೆಯಾ ಮೂರಾ ಅಂತಲೂ ನೋಡಿ. ಅಲ್ಯೂಮಿನಿಯಂ ಬಾಡಿ ಇದ್ದು ಎರಡೇ ಪಿನ್ನಿದ್ರೆ ಅರ್ತಿಂಗ್ ಇಲ್ಲ ಅಂತ ಅರ್ಥ, ಅದು ಬೇಡ, ಮೂರು ಪಿನ್ನಿಂದೇ ತಗೊಳ್ಳಿ, ಇಲ್ಲಾಂದ್ರೆ ಪೂರ್ತಿ ಪ್ಲಾಸ್ಟಿಕ್ ಬಾಡಿದು ತಗೊಳ್ಳಿ. ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಅದರ ಕೆಳಗೆ ಆರ್ ಅಂತ ಶುರುವಾಗೋ ನಂಬರು ಇರ್ಬೇಕು.

ಇನ್ನು ಲೇತು. ಇದನ್ನ ಯಾರೂ ಕೇಳಲ್ಲ, ಆದ್ರೆ ನಿಮ್ಮ ಪ್ರಶ್ನೇಲಿ ಲೇತ್ ಅನ್ನೋ ಪದ ಕಂಡಿದ್ದಕ್ಕೇ ನಾನು ಇಷ್ಟುದ್ದ ಬರೀತಾ ಕೂತಿದ್ದು. ನಮ್ಮ ಕರೆಂಟು 50 ಹರ್ಟ್ಸ್, ಚೋಕಿನ ಟ್ಯೂಬು ಅದರ ಮೇಲೆ ಸೆಕೆಂಡಿಗೆ 100 ಸಲ ಮಿಣುಕುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಮರದ ಲೇತಿಗೆ ಸಾಮಾನ್ಯವಾಗಿ ಕೂರಿಸೋದು ನಿಮಿಷಕ್ಕೆ 1440 ಸುತ್ತಿನ ಮೋಟರು. ಎರಡೂ ಕಡೆ ಒಂದೇ ಅಳತೆ ಪುಲ್ಲಿ ಹಾಕಿದ್ರೆ ಚಕ್ಕು (ಮರವನ್ನ ದವಡೆಯಲ್ಲಿ ಕಚ್ಚಿ ಹಿಡಿದು ತಿರುಗೋ ಭಾಗ) ಸೆಕೆಂಡಿಗೆ 24 ಸುತ್ತು ತಿರುಗುತ್ತೆ, ಅಂದ್ರೆ ಒಂದು ಮಿಣುಕಿಗೂ ಇನ್ನೊಂದಕ್ಕೂ ನಡುವೆ ಹೆಚ್ಚು ಕಡಿಮೆ ಕಾಲು ಸುತ್ತು. ನಾಲ್ಕು ದವಡೆಯ ಚಕ್ಕಾದ್ರೆ ಒಂದು ದವಡೆ ಇದ್ದ ಜಾಗಕ್ಕೆ ಸರಿಯಾಗಿ ಇನ್ನೊಂದು ದವಡೆ ಬಂದು ನಿಂತಿರುತ್ತೆ. ನೋಡೋರಿಗೆ ಚಕ್ಕು ಸೆಕೆಂಡಿಗೆ ಒಂದೇ ಸುತ್ತು, ಅದೂ ಹಿಂದಕ್ಕೆ, ಮೆಲ್ಲಗೆ ತಿರುಗ್ತಿರೋ ಹಾಗೆ ಕಾಣುತ್ತೆ, ಸ್ವಿಚ್ ಆಫ್ ಮಾಡಿದ ಮೇಲೆ ನಿಲ್ಲೋಕೆ ಹೊರಟಿರೋ ಚಕ್ಕಿನ ಹಾಗೆ.

ನಮ್ಮಲ್ಲಿ ಕೆಲಸ ಕಲಿಯೋಕೆ ಬಂದಿದ್ದ ಹುಡುಗ ಒಬ್ಬ ಹಂಗೇ ಅಂದ್ಕೊಂಡು ಅಳತೆ ನೋಡೋ ಕ್ಯಾಲಿಪರ್ ಹಿಡಿದು ಕೈ ಮುಂದೆ ತಂದುಬಿಟ್ಟಿದ್ದ. ರಾತ್ರಿ ಏಳೂವರೆ, ಮಳೆ, ಶೀಟಿನ ಮೇಲೆ ಬೀಳೋ ಸದ್ದಲ್ಲಿ ಮೋಟರ್ ಸದ್ದೂ ಕೇಳಿಸ್ತಿರ್ಲಿಲ್ಲ. ನಾನು ಅವನ ಅಂಗಿ ಹಿಂದಿನಿಂದ ಹಿಡಿದು ಎಳೆದೆ. ಅವನಿಗೆ ಏನೂ ಆಗ್ಲಿಲ್ಲ, ಕ್ಯಾಲಿಪರ್ ತುದಿ ಮಾತ್ರ ಹಾರಿ ಎದುರಿನ ಗೋಡೆಗೆ ಬಡಿದು ಗಾರೆ ಕಿತ್ತಿತ್ತು, ಆ ಗುರುತು ಈಗಲೂ ಇದೆ. ಮಾರನೇ ವಾರವೇ ಲೈಟು ಬದಲಾಯಿಸೋ ಯೋಚನೆ ಶುರು ಮಾಡಿದ್ದು ನಾನು.

ಎಲ್‌ಇಡಿ ಹಾಕಿದ್ರೆ ಇದು ತಾನಾಗೇ ಹೋಗುತ್ತೆ ಅನ್ಕೋಬೇಡಿ. ಕಡಿಮೆ ದರದ ಪಟ್ಟಿಗಳಲ್ಲಿ ಸರಿಯಾದ ಡ್ರೈವರ್ (ಮನೆ ಕರೆಂಟನ್ನ ಎಲ್‌ಇಡಿಗೆ ತಕ್ಕಂತೆ ಬದಲಾಯಿಸಿ ಕೊಡೋ ಸರ್ಕ್ಯೂಟು) ಇರಲ್ಲ, ಅವೂ ಸೆಕೆಂಡಿಗೆ 100 ಸಲ ಮಿಣುಕುತ್ವೆ, ಕೆಲವು ಹಳೇ ಟ್ಯೂಬಿಗಿಂತ ಜೋರಾಗೇ ಮಿಣುಕುತ್ವೆ, ಯಾಕಂದ್ರೆ ಟ್ಯೂಬಿನ ಒಳಗಿನ ಬಿಳಿ ಪುಡಿ ಒಂಚೂರು ಹೊತ್ತು ಬೆಳಕು ಹಿಡ್ಕೊಂಡಿರ್ತಿತ್ತು. ಅಂಗಡೀಲೇ ಪರೀಕ್ಷೆ ಮಾಡಿ. ಒಂದು ಪಟ್ಟಿ ಹಚ್ಚೋಕೆ ಹೇಳಿ, ಅಂಗಡಿಯ ಬೇರೆ ಲೈಟಿನ ಬೆಳಕು ಬೀಳದ ಕಡೆ ಅದರ ಕೆಳಗೆ ಪೆನ್ಸಿಲ್ಲೋ ಬಾಲ್‌ಪೆನ್ನೋ ಹಿಡಿದು ಜೋರಾಗಿ ಆ ಕಡೆ ಈ ಕಡೆ ಬೀಸಿ. ಕಡ್ಡಿ ಕಡ್ಡಿಯಾಗಿ ಬಿಡಿ ಬಿಡಿ ಪೆನ್ಸಿಲ್ಲು ಕಂಡ್ರೆ ಅದು ಮಿಣುಕೋ ಲೈಟು. ಮಬ್ಬಾಗಿ ಒಂದೇ ಪರದೆ ಎಳೆದಂಗೆ ಕಂಡ್ರೆ ತಗೊಳ್ಳಿ. ಮೊಬೈಲಿನ ಸ್ಲೋ ಮೋಷನ್ನಲ್ಲಿ ಹಿಡಿದ್ರೂ ಗೊತ್ತಾಗುತ್ತೆ, ಆದ್ರೆ ಪೆನ್ಸಿಲ್ಲೇ ನನಗೆ ನಂಬಿಕೆ.

ಸಾಲು ಎಲ್ಲಿ ಕಟ್ಟಬೇಕು ಅನ್ನೋದು ಇದರಷ್ಟೇ ಮುಖ್ಯ. ಲೆಕ್ಕದ ಪ್ರಕಾರ 12 ಅಡಿ ಅಗಲಕ್ಕೆ ಎರಡೂ ಗೋಡೆಯಿಂದ ಮೂರು ಮೂರು ಅಡಿ ಬಿಟ್ಟು ಕಟ್ಟಬೇಕು, ನಡುವೆ ಆರಡಿ. ಬೈಕಿನ ಕಡೆ ಅದು ಸರಿ. ಬೆಂಚಿನ ಕಡೆ ಅದೇ ಮೂರಡಿಗೆ ಕಟ್ಟಿದ್ರೆ ಬೆಳಕು ನಿಮ್ಮ ನೆತ್ತಿ ಮೇಲೆ ಬರುತ್ತೆ, ಗೆರೆ ನೋಡೋಕೆ ಬಗ್ಗಿದ ತಕ್ಷಣ ನಿಮ್ಮ ತಲೆ ನೆರಳೇ ಗೆರೆ ಮೇಲೆ ಬೀಳುತ್ತೆ. ನಾನು ಹಂಗೇ ಕಟ್ಟಿ ಒಂದು ತಿಂಗಳು ಕಣ್ಣು ಕಿರಿದು ಮಾಡ್ಕೊಂಡು ಕೆಲಸ ಮಾಡಿ ಆಮೇಲೆ ಬಿಚ್ಚಿ ಗೋಡೆ ಕಡೆಗೆ ಮುಂದಕ್ಕೆ ತಂದೆ. ಬೆಂಚು ಎರಡಡಿ ಅಗಲ ಇದ್ರೆ ಗೋಡೆಯಿಂದ ಒಂದೂವರೆ ಅಡಿಗೆ ಕಟ್ಟಿ, ಬೆಂಚಿನ ಉದ್ದಕ್ಕೇ ಬರಲಿ. ಬೆಳಕು ನಿಮ್ಮ ಹಣೆಗಿಂತ ಮುಂದೆ ಇರ್ಬೇಕು, ಅಷ್ಟು ನೆನಪಿಟ್ಕೊಳ್ಳಿ.

ನಿಮ್ಮ ಸಿಮೆಂಟ್ ಶೀಟಿಗೆ ಮಾತ್ರ ತೂತು ಕೊರೀಬೇಡಿ. ಅಂಥ ಶೀಟಲ್ಲಿ ಸಾಮಾನ್ಯವಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ, ಅದರ ಪುಡಿ ಉಸಿರಲ್ಲಿ ಹೋಗೋದು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಮಳೆಗಾಲಕ್ಕೆ ಸೋರೋದು ಬೇರೆ. ಶೀಟಿನ ಕೆಳಗಿನ ಕಬ್ಬಿಣದ ಪೈಪಿಗೆ ಸಣ್ಣ ಚೈನು ಕಟ್ಟಿ ನೆಲದಿಂದ ಎಂಟಡಿ ಎತ್ತರಕ್ಕೆ ಇಳಿಬಿಡಿ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಶೀಟಿಗೆ ಅಂಟಿಸಿದ ಪಟ್ಟಿ ಬೆಂದು ಹೋಗುತ್ತೆ, ಎಲ್‌ಇಡಿ ಕಾಳಿಗಿಂತ ಮೊದಲು ಸಾಯೋದು ಡ್ರೈವರೊಳಗಿನ ಕೆಪ್ಯಾಸಿಟರು, ಅದಕ್ಕೆ ಬಿಸಿಯೇ ಶತ್ರು. ಶೀಟಿಗೂ ಪಟ್ಟಿಗೂ ನಡುವೆ ಒಂದಡಿ ಗಾಳಿ ಆಡಿದ್ರೆ ವರ್ಷಗಟ್ಟಲೆ ಜಾಸ್ತಿ ಬಾಳುತ್ತೆ.

ವೈರಿಂಗ್ ವೈರ್‌ಮನ್ ಕೈಲೇ ಮಾಡಿಸಿ. ಲೈಟಿಗೆ ಬೇರೆ ಸರ್ಕ್ಯೂಟು, 1.5 ಸ್ಕ್ವೇರ್ ಎಂಎಂ ತಾಮ್ರದ ವೈರು, 6 ಆಂಪಿಯರ್ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು), ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬೀಳೋ ಸ್ವಿಚ್ಚು). ಲೇತಿನ ಮೋಟರ್ ಲೈನಿಂದ ಲೈಟಿಗೆ ಕೊಡ್ಬೇಡಿ, ಮೋಟರ್ ಕಡೆ ಎಂಸಿಬಿ ಟ್ರಿಪ್ ಆದ್ರೆ ಲೈಟೂ ಹೋಗಿ, ಇನ್ನೂ ತಿರುಗ್ತಿರೋ ಲೇತಿನ ಮುಂದೆ ನೀವು ಕತ್ತಲಲ್ಲಿ ನಿಂತಿರ್ತೀರಿ. ಸ್ವಿಚ್ಚು ಫೇಸಿಗೇ ಬರ್ಬೇಕು, ನ್ಯೂಟ್ರಲ್ಲಿಗೆ ಕೊಟ್ಟಿದ್ರೆ ಆಫ್ ಮಾಡಿದ ಮೇಲೂ ರಾತ್ರಿ ಪಟ್ಟಿ ಮಿಣಮಿಣ ಅಂತ ಉರೀತಿರುತ್ತೆ, ಹಂಗೆ ಕಂಡ್ರೆ ಅವರನ್ನ ಮತ್ತೆ ಕರೆಸಿ.

ಬೆಳಕಿನ ಬಣ್ಣ 4000 ಕೆಲ್ವಿನ್ನಿಂದು (ಹದವಾದ ಬಿಳಿ) ಸಿಕ್ರೆ ಒಳ್ಳೇದು, ಅಂಗಡೀಲಿ ಜಾಸ್ತಿ ಸಿಗೋದು 6500 (ನೀಲಿ ಛಾಯೆಯ ಬಿಳಿ), ಅದೂ ನಡೆಯುತ್ತೆ, ಆದ್ರೆ ಸಿಆರ್‌ಐ (ಬಣ್ಣಗಳನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕ) 80ಕ್ಕಿಂತ ಕಡಿಮೆ ಇದ್ರೆ ಪಾಲಿಶ್ ಬಣ್ಣ ಇಲ್ಲೊಂದು ಥರ ಬಿಸಿಲಲ್ಲೊಂದು ಥರ ಕಾಣುತ್ತೆ. ಹಳೇ ಟ್ಯೂಬುಗಳನ್ನ ಒಡೆದು ಕಸಕ್ಕೆ ಹಾಕ್ಬೇಡಿ, ಒಳಗೆ ಪಾದರಸ ಇದೆ, ಒಡೆಯದ ಹಾಗೆ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಎಂಟೂ ಒಟ್ಟಿಗೆ ತರ್ಬೇಡಿ. ಮೊದಲು ಎರಡು ತಂದು ಬೆಂಚಿನ ಮೇಲೆ ಹಗ್ಗದಲ್ಲಿ ಕಟ್ಟಿ, ಸಂಜೆ ಏಳಕ್ಕೆ ಬಾಗಿಲು ಹಾಕ್ಕೊಂಡು, ಒಂದು ಹಲಗೆ ಮೇಲೆ ಗೆರೆ ಎಳೆಯೋಕೆ ಬಗ್ಗಿ ನೋಡಿ. ಪೆನ್ಸಿಲ್ ತುದಿ ನೆರಳಲ್ಲಿ ಮುಳುಗಿದ್ರೆ ಹಗ್ಗ ಬಿಚ್ಚಿ ಅರ್ಧ ಅಡಿ ಮುಂದಕ್ಕೆ ಕಟ್ಟಿ, ಮತ್ತೆ ಬಗ್ಗಿ. ತುದಿ ಸ್ಪಷ್ಟವಾಗಿ ಕಂಡ ಜಾಗಕ್ಕೆ ಪೈಪಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಉಳಿದ ಆರು ಆಮೇಲೆ ತನ್ನಿ.