ಹಾವೇರಿ ಕಡೆಯ ಹಳ್ಳಿ ವ್ಯಾಪಾರಿಗಳು ಮೊಬೈಲ್, ಕಂಪ್ಯೂಟರ್ ನಿಜವಾಗಿ ಹೇಗೆ ಬಳಸುತ್ತಾರೆ?

ಮೊದಲು ಬರುವುದು ಹಣ ಪಡೆಯುವ ದಾರಿ. ಯುಪಿಐ 2016ರಲ್ಲೇ ಬಂದಿತು. ಆದರೆ ಕಿರಾಣಿ ಅಂಗಡಿಯವರಿಗೆ ಧೈರ್ಯ ತುಂಬಿದ್ದು, ಹಣ ಜಮೆಯಾದ ಕೂಡಲೇ ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಓದು ಬಾರದವರಿಗೂ, ಕೈಯಲ್ಲಿ ತಕ್ಕಡಿ ಹಿಡಿದವರಿಗೂ ಅದು ಸಾಕು. ಉದ್ರಿ ಲೆಕ್ಕ ಮಾತ್ರ ಅನೇಕ ಕಡೆ ಇನ್ನೂ ಪುಸ್ತಕದಲ್ಲೇ ಇದೆ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಬಗೆಯೇ ಬೇರೆ. ಅಲ್ಲಿ ಇ-ಟೆಂಡರ್ ನಡೆಯುತ್ತದೆ. ಪ್ರತಿ ರಾಶಿಗೂ ಲಾಟ್ ಸಂಖ್ಯೆ ಕೊಡುತ್ತಾರೆ. ಖರೀದಿದಾರರು ಕಾಯಿ ಮುರಿದು, ಬಣ್ಣ ಮತ್ತು ತೇವ ನೋಡಿ ದರ ನಮೂದಿಸುತ್ತಾರೆ. ಹೆಚ್ಚು ದರ ಬರೆದವರಿಗೆ ಮಾಲು. ದರ ಕಂಪ್ಯೂಟರಿಗೆ ಹೋಯಿತು, ಗುಣ ಅಳೆಯುವ ಕೆಲಸ ಕಣ್ಣು, ಬೆರಳುಗಳಲ್ಲೇ ಉಳಿಯಿತು. ಅದು ಸರಿಯೇ ಎಂದು ನಾನು ನಂಬುತ್ತೇನೆ, ಏಕೆಂದರೆ 2011ರಲ್ಲಿ ಭೌಗೋಳಿಕ ಸೂಚಕ (ಬೆಳೆದ ಊರಿನ ಹೆಸರಿಗೆ ಸಿಗುವ ಜಿಐ ಗುರುತು) ಪಡೆದ ಈ ಕಾಯಿಯ ಬೆಲೆ ನಿಂತಿರುವುದೇ ಅದರ ಕಡುಗೆಂಪಿನ ಮೇಲೆ.

ಹೊಸದಾಗಿ ವ್ಯಾಪಾರ ಆರಂಭಿಸುವವರು ದುಬಾರಿ ಸಾಫ್ಟ್‌ವೇರ್‌ಗೆ ಹಣ ಸುರಿಯಬೇಡಿ. ಗಾಡಿಗೆ ಮಾಲು ಹೇರುವ ಮುನ್ನ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಹತ್ತಿರದ ಮಾರುಕಟ್ಟೆಗಳ ದರ ನೋಡಿ. ಮಾಲಿನ ಫೋಟೋವನ್ನು ಹಗಲು ಬೆಳಕಿನಲ್ಲೇ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ.